ಕಾವಲಿನವರ ನಿದ್ದೆ

ನಮ್ಮ ಜನ್ನಾಪುರದ ವಠಾರದಲ್ಲಿ ಏಕಾಂತಪ್ಪನಷ್ಟು ಒಳ್ಳೆಯವನೂ ಇರಲಿಲ್ಲ, ಅವನಷ್ಟು ಮೊಂಡನೂ ಇರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ. ಪಾಳಿಯಲ್ಲಿ ತೂಕಡಿಸಿದ ಗೆಳೆಯನ ಮೇಲೆಯೇ ದೂರು ಕೊಟ್ಟು ಅವನನ್ನು ಕೆಲಸದಿಂದ ತೆಗೆಸಿದ ಆಸಾಮಿ. ಪಕ್ಕದ ಮನೆಯವಳಾದ ನನಗೆ ಅವನ ಹೆಂಡತಿ ಕರಿಬಸಮ್ಮ ಒಡಹುಟ್ಟಿದವಳಿಗಿಂತ ಹೆಚ್ಚು.

ಅರವತ್ತಾರರ ಬೇಸಿಗೆಯಲ್ಲಿ ಅವಳ ಬಾಯಿ ತುಂಬ ಹುಣ್ಣಾಯಿತು. ಆಮೇಲೆ ಮೈಮೇಲೆ ನೀರುಗುಳ್ಳೆಗಳು ಎದ್ದವು. ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿದರು. ಬಂದ ಅಮ್ಮ ಹೋಗಬೇಕಲ್ಲ? ಗುಳ್ಳೆ ಒಡೆದ ಜಾಗ ಒಣಗುತ್ತಲೇ ಇರಲಿಲ್ಲ, ಸೀರೆ ತಾಗಿದರೂ ಚರ್ಮ ಜಾರುತ್ತಿತ್ತು. ಅವಳನ್ನು ಬಾಳೆ ಎಲೆಯ ಮೇಲೆ ಮಲಗಿಸುವಾಗ ನನಗೆ ಅಳು ತಡೆಯಲಾಗುತ್ತಿರಲಿಲ್ಲ.

ಕೊನೆಗೆ ಶಿವಮೊಗ್ಗದ ಡಾಕ್ಟರ್ ತ್ರಿವಿಕ್ರಮರ ಹತ್ತಿರ ಕರೆದುಕೊಂಡು ಹೋದೆವು. ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ ಎಂದರು ಅವರು. ಹೊರಗಿನ ರೋಗ ಹಿಡಿಯಲೆಂದು ಎಲ್ಲರ ರಕ್ತದಲ್ಲೂ ಒಂದು ಕಾವಲು ಇರುತ್ತದಂತೆ. ಇವಳ ಕಾವಲು ಚರ್ಮದ ಪದರಗಳನ್ನು ಹಿಡಿದಿಟ್ಟ ಅಂಟನ್ನೇ ಕಳ್ಳನೆಂದು ತಿಳಿದು ಕೀಳುತ್ತಿದೆಯಂತೆ. ಈ ರೋಗದ ಮೂಲ ಇದೇ ಎಂದು ಈಚೆಗಷ್ಟೇ ಹೊರದೇಶದಲ್ಲಿ ಕಂಡುಹಿಡಿದಿದ್ದರಂತೆ.

"ಬೇಲಿನೇ ಎದ್ದು ಹೊಲ ಮೇಯ್ತಿದೆ. ಈ ಮಾತ್ರೆ ಆ ಕಾವಲಿನೋರನ್ನ ಮಲಗಿಸುತ್ತೆ. ನಾನು ಹೇಳದೆ ಒಂದು ದಿನಾನೂ ನಿಲ್ಲಿಸಬಾರದು" ಎಂದರು.

ಮಲಗಿಸುತ್ತೆ ಎಂದಾಗ ಏಕಾಂತಪ್ಪನ ಹುಬ್ಬು ಗಂಟಿಕ್ಕಿತು.

ಮಾತ್ರೆ ಪವಾಡವನ್ನೇ ಮಾಡಿತು. ಗುಳ್ಳೆಗಳು ಬತ್ತಿದವು, ಮುಖ ತುಂಬಿಕೊಂಡಿತು, ಅವಳು ಮತ್ತೆ ರೊಟ್ಟಿ ತಟ್ಟಲು ಕೂತಳು. ಅಷ್ಟರಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಕೀವಾಯಿತು. ಗಾಯವಾದರೆ ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿಯೇ ಇದ್ದರು. ಈ ಮಹಾನುಭಾವ ಹೋಗಲಿಲ್ಲ. ಕಾವಲು ಮಲಗಿದ್ದಕ್ಕೇ ಕಳ್ಳ ನುಗ್ಗಿದನೆಂದು ತಾನೇ ತೀರ್ಮಾನಿಸಿ ಮಾತ್ರೆಯ ಸೀಸೆಯನ್ನು ಅಡಗಿಸಿಟ್ಟ. ಡಾಕ್ಟರೇ ಸಾಕು ಅಂದರು ಎಂದು ಹೆಂಡತಿಗೆ ಸುಳ್ಳು ಹೇಳಿದ.

ವಾರ ಕಳೆಯುವಷ್ಟರಲ್ಲಿ ಅವಳಿಗೆ ವಾಂತಿ, ತಲೆ ಎತ್ತಲಾಗದ ಸುಸ್ತು. ಬೆನ್ನ ಮೇಲೆ ಹೊಸ ಗುಳ್ಳೆಗಳು. ನಾನು ಗದರಿಸಿ ಕೇಳಿದ ಮೇಲೆ ನಿಜ ಬಾಯಿಬಿಟ್ಟ.

"ಮಲಗಿರೋ ಕಾವಲಿನೋರನ್ನ ನಂಬ್ಕೊಂಡು ನಾನ್ ಹೆಂಗಿರ್ಲಿ, ಖಾಜಾಬೀ?"

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಅವನೂ ಅಳುತ್ತಿದ್ದ.

ಟ್ಯಾಕ್ಸಿ ಮಾಡಿಕೊಂಡು ಶಿವಮೊಗ್ಗಕ್ಕೆ ಓಡಿದೆವು. ಡಾಕ್ಟರು ಅವಳನ್ನು ನೋಡಿ, ಮೈ ಮಾತ್ರೆಗೆ ಒಗ್ಗಿತ್ತು, ಒಮ್ಮೆಲೇ ನಿಲ್ಲಿಸಿದ್ದಕ್ಕೇ ಈ ವಾಂತಿ, ಸುಸ್ತು ಎಂದರು. ಕಾಲಿನ ಕೀವೂ ರಕ್ತ ಸೇರಿದೆ, ಪೆನಿಸಿಲಿನ್ ಹಾಕುತ್ತೇನೆ ಎಂದರು. ಆದರೆ ಈಗ ಮಾತ್ರೆ ಕೊಟ್ಟರೆ ಕೀವು ಗೆಲ್ಲಬಹುದು, ಕೊಡದಿದ್ದರೆ ಜೀವ ಉಳಿಯುವುದೇ ಇಲ್ಲ ಎಂದರು. ಏನು ಮಾಡಲಿ ಎಂದು ಕೇಳಿದ್ದಕ್ಕೆ ಏಕಾಂತಪ್ಪ ಕೈಮುಗಿದು ಅಲ್ಲೇ ನೆಲಕ್ಕೆ ಕುಸಿದ.

ಕರಿಬಸಮ್ಮ ಒಡೆದ ತುಟಿಯಲ್ಲೇ ಮಾತಾಡಿದಳು.

"ಅವ್ರನ್ನ ಕೇಳ್ಬೇಡಿ ಡಾಕ್ಟ್ರೇ. ಮಾತ್ರೆ ಕೊಡಿ. ಸೀಸೆ ನನ್ನ ಹತ್ರಾನೇ ಇರ್ಲಿ."

ಡಾಕ್ಟರು ಸೀಸೆಯನ್ನು ಅವಳ ಅಂಗೈಯಲ್ಲಿಟ್ಟರು. ಬೆರಳು ಮಡಿಸಲು ಅವಳಿಂದಾಗಲಿಲ್ಲ. ನಾನು ಮಡಿಸಿಕೊಡಲು ಹೋದೆ. ಮುಟ್ಟಬೇಡಿ, ಚರ್ಮ ಜಾರುತ್ತೆ ಎಂದರು ಡಾಕ್ಟರು.