ಪಾಚಿ ಕಟ್ಟದ ತೊಟ್ಟಿ

ಬಚ್ಚಲ ತೊಟ್ಟಿಯಲ್ಲಿ ಪಾಚಿ ಕಟ್ಟುವುದು ನಿಂತಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅತ್ತೆ ಸುಮಿಯಾತಿ.

"ನೋಡ್ರೇ, ಕೈಯಾಡಿಸಿದ್ರೆ ಗಾಜು ಸವರಿದ ಹಾಗಿದೆ!" ಎಂದು ಮನೆಗೆ ಬಂದವರನ್ನೆಲ್ಲ ಬಚ್ಚಲಿಗೆ ಕರೆದೊಯ್ದು ತೋರಿಸುತ್ತಿದ್ದರು. "ಲಾರಸ್ ಸೊಸೆಯಾಗಿ ಬಂದ್ಮೇಲೆ ಈ ತೊಟ್ಟಿಗೊಂದು ಲಕ್ಷಣ ಬಂತು. ಮೊದ್ಲು ಉಜ್ಜಿ ಉಜ್ಜಿ ನನ್ ಸೊಂಟ ಬಿದ್ದೋಗ್ತಿತ್ತು."

ಲಾರಸ್ ನಕ್ಕುಬಿಡುತ್ತಿದ್ದಳು. ಆದರೆ ಬಸುರಿನ ಸುಸ್ತಿನಲ್ಲಿ ಅವಳು ಆ ತೊಟ್ಟಿಯನ್ನು ಉಜ್ಜಿ ಎಷ್ಟೋ ವಾರಗಳಾಗಿದ್ದವು.

ಅವಳು ತುಲುಂಗಾಗುಂಗ್ ಎಂಬ ಊರಿನವಳು, ಮೀನು ಸಾಕಿ ಮಾರುವವರ ಮನೆಯ ಹುಡುಗಿ. ನಡೆಯಲು ಕಲಿತದ್ದೇ ಗೋಲ್ಡ್ ಫಿಶ್ ಕೊಳಗಳ ಏರಿಯ ಮೇಲೆ. ಮೀನಿರುವ ತೊಟ್ಟಿಗೆ ಸೋಪು ಮುಟ್ಟಿಸಬಾರದು, ನೀರನ್ನು ಪೂರ್ತಿ ಚೆಲ್ಲದೆ ಅರ್ಧ ಉಳಿಸಿಕೊಂಡು ಹೊಸದನ್ನು ಸೇರಿಸಬೇಕು, ಒಂದು ಗೋಡೆಯ ಪಾಚಿಯನ್ನಾದರೂ ಹಾಗೇ ಬಿಡಬೇಕು. ಇದೆಲ್ಲ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಪಾಚಿ ಬೆಳೆಯೋ ನೀರಿಗೆ ಉಸಿರಿರತ್ತೆ ಕಣೇ," ಎನ್ನುತ್ತಿದ್ದರು ಅಪ್ಪ. "ಪಾಚಿಗೇ ಬೇಡವಾದ ನೀರು ಯಾರಿಗೆ ಬೇಕು?"

ತೊಟ್ಟಿಯಲ್ಲಿ ಸೊಳ್ಳೆಹುಳ ತಿನ್ನಲೆಂದು ಒಂದೆರಡು ಮೀನು ಆ ಓಣಿಯ ಪ್ರತಿ ಮನೆಯಲ್ಲೂ ಇದ್ದವು. ಇವಳ ತೊಟ್ಟಿಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ತವರಿನಿಂದ ತಂದ ಗೋಲ್ಡ್ ಫಿಶ್‌ಗಳು ಮೊದಲು ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟವು, ಆಮೇಲೆ ಓರೆಯಾಗಿ ಈಜಿದವು, ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿದ್ದವು. ಸಂತೆಯಿಂದ ತಂದ ಪುಟ್ಟ ಗಪ್ಪಿ ಮೀನುಗಳದ್ದೂ ಅದೇ ಕತೆ.

"ಮೀನಿನವರ ಮಗಳು ಅಂತ ತಂದ್ವಿ," ಅತ್ತೆ ಗೊಣಗಿದರು. "ಎರಡು ಮೀನು ಬದುಕಿಸ್ಕೊಳ್ಳೋಕಾಗಲ್ಲ, ನಾಳೆ ಮಗು ಹೆಂಗೆ ಸಾಕ್ತೀಯೋ!" ಮಾತಾಡುತ್ತಲೇ ಅವರು ಮುಂಗೈ ಕೆರೆದುಕೊಳ್ಳುತ್ತಿದ್ದರು. ಇತ್ತೀಚೆಗೆ ಆ ಕೈಗಳು ಸದಾ ಕೆಂಪಗೇ ಇರುತ್ತಿದ್ದವು.

ಅದೇ ವಾರ ಓಣಿಯ ಆರೋಗ್ಯ ಸೇವಕಿ, ಎಲ್ಲರೂ ಅಮ್ಮ ಎನ್ನುವ ಹಾಗೆ 'ಬು' ಸೇರಿಸಿ ಕರೆಯುವ ಬು ರುಸ್ಮಿ, ಟಾರ್ಚು ಹಿಡಿದು ಬಂದರು. ಮನೆಮನೆಯ ತೊಟ್ಟಿಗೆ ಬೆಳಕು ಬಿಟ್ಟು ಸೊಳ್ಳೆಹುಳ ಹುಡುಕುವುದೇ ಅವರ ಕೆಲಸ. ಇಲ್ಲಿ ಎಷ್ಟು ಬಗ್ಗಿ ನೋಡಿದರೂ ಒಂದೂ ಸಿಗಲಿಲ್ಲ.

"ಅಬ್ಬಾ! ನಮ್ಮನೇಲೇ ಇದಾವೆ, ನಿಮ್ಮನೇಲಿಲ್ಲ," ಎಂದು ನಕ್ಕು ಬಾಗಿಲಿಗೊಂದು ಹಸಿರು ಚೀಟಿ ಅಂಟಿಸಿದರು: ಸೊಳ್ಳೆಹುಳವಿಲ್ಲದ ಮನೆ.

"ಬು, ಮೀನಿಲ್ಲದೇನೂ ಹುಳ ಇಲ್ಲ ಅಂದ್ರೆ ಹೆಂಗೆ?" ಲಾರಸ್ ಕೇಳಿದಳು.

"ಅಯ್ಯೋ ಹುಡುಗಿ, ಇದ್ರೂ ಚಿಂತೆ, ಇಲ್ದಿದ್ರೂ ಚಿಂತೆ! ಬಸುರೀಲಿ ಹಿಂಗೇ ಬಿಡು."

ಲಾರಸ್ ಹಿತ್ತಲಿಗೆ ಬಂದು ನಿಂತಳು. ಗಂಡ ಪ್ರಿಹಂತೊ ಅಲ್ಲೇ ಬೈಕಿನ ಬಿಡಿಭಾಗಗಳಿಗೆ ಕ್ರೋಮ್ ಹೊಳಪು ಕೊಡುವ ಶೆಡ್ಡು ನಡೆಸುತ್ತಿದ್ದ. ಸಂಜೆ ರಾಸಾಯನಿಕದ ಡ್ರಮ್ಮು ತೊಳೆದ ಹಳದಿ ನೀರು ಬಾಳೆ ಬುಡದ ಗುಂಡಿಗೆ ಹೋಗುತ್ತಿತ್ತು. ಬಾಳೆ ಎಂದೋ ಒಣಗಿ ನಿಂತಿತ್ತು. ಗುಂಡಿಗೂ ಮನೆಗೆಲ್ಲ ನೀರು ಕೊಡುವ ಬಾವಿಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ.

"ಮಾಸ್, ಬಾವಿ ನೀರು ಯಾಕೋ ಸರಿ ಇಲ್ಲ ಅನ್ಸತ್ತೆ," ಎಂದಳು ಗಂಡನಿಗೆ ಊಟ ಬಡಿಸುತ್ತಾ.

"ಸಂತೆ ಮೀನು ಸಾಯದೆ ಇನ್ನೇನು ಮೊಮ್ಮಕ್ಕಳ ಮದುವೆ ನೋಡತ್ತಾ?" ಅವನು ನಕ್ಕ. "ನಾಡಿದ್ದು ನಿನ್ನ ಏಳು ತಿಂಗಳ ಬಸುರಿ ಸ್ನಾನದ ಶಾಸ್ತ್ರ. ಅದ್ರ ಕಡೆ ಗಮನ ಕೊಡು."

ಅವನ ತಲೆಗೂದಲು ಒದ್ದೆಯಾಗಿತ್ತು. ಶೆಡ್ಡಿನಿಂದ ಹೊರಟವನು ಮಸೀದಿಯ ನಲ್ಲಿಯಲ್ಲೇ ಮಿಂದು ಬರುತ್ತಿದ್ದ. ಕೊಳಕು ಮನೆಯೊಳಗೆ ಬೇಡ, ಎಂದಿದ್ದ ಒಮ್ಮೆ. ಶೆಡ್ಡಿನ ಕೆಲಸಗಾರರಿಗೆ ಕುಡಿಯಲು ಅಂಗಡಿಯಿಂದ ಕ್ಯಾನ್ ನೀರು ಬರುತ್ತಿತ್ತು. ಅವನೂ ಅಲ್ಲೇ ಕುಡಿದು ಬರುತ್ತಿದ್ದ. ಲಾರಸ್ ಅವನ ಮುಂದಿಟ್ಟ ನೀರಿನ ಲೋಟ ಊಟ ಮುಗಿದರೂ ತುಂಬಿಯೇ ಇತ್ತು. ಅದು ಎಷ್ಟು ದಿನದಿಂದ ಹೀಗೆ ತುಂಬಿಯೇ ಉಳಿಯುತ್ತಿದೆ ಎಂದು ಅವಳಿಗೆ ನೆನಪಾಗಲಿಲ್ಲ.

ಮರುದಿನ ಅವಳು ಎರಡು ಬೋಗುಣಿ ಇಟ್ಟಳು. ಒಂದಕ್ಕೆ ಬು ರುಸ್ಮಿಯವರ ಬಾವಿ ನೀರು, ಇನ್ನೊಂದಕ್ಕೆ ತಮ್ಮದು. ಒಂದೊಂದರಲ್ಲೂ ಒಂದೊಂದು ಗಪ್ಪಿ ಬಿಟ್ಟಳು. ಸ್ನಾನದ ದಿನ ಬೆಳಿಗ್ಗೆ ಎದ್ದು ನೋಡಿದರೆ ಬು ರುಸ್ಮಿಯವರ ನೀರಿನದು ಬಾಲ ಬೀಸುತ್ತಿತ್ತು, ತಮ್ಮ ನೀರಿನದು ಬಿಳುಚಿಕೊಂಡು ತೇಲುತ್ತಿತ್ತು.

ಪ್ರಿಹಂತೊ ಅವಳ ಹಿಂದೆಯೇ ಬಂದು ನಿಂತಿದ್ದ. ಸತ್ತ ಮೀನನ್ನು ಎಲೆಯೊಂದರಿಂದ ಎತ್ತಿ ಗೋಡೆಯಾಚೆ ಎಸೆದ.

"ಶುಭದ ದಿನ. ಯಾರ ಮುಂದೂ ಈ ಮಾತೆತ್ತಬೇಡ."

ನೀರಿಗೆ ಅವನು ಬೆರಳು ತಾಗಿಸಿರಲಿಲ್ಲ.

ಮಧ್ಯಾಹ್ನ ಅಂಗಳ ತುಂಬ ಹೆಂಗಸರು. ಏಳು ಬಾವಿಗಳ ನೀರು ಏಳು ಮಡಕೆಗಳಲ್ಲಿ ಬರಬೇಕು. ದೊಡ್ಡ ಹಂಡೆಯ ತಳದಲ್ಲಿ ಮಲ್ಲಿಗೆ, ಗುಲಾಬಿಯ ಎಸಳು ಹರಡಿದ್ದವು. ಎದೆಯವರೆಗೆ ಬಾಟಿಕ್ ಬಟ್ಟೆ ಬಿಗಿದುಕೊಂಡು ಲಾರಸ್ ಮಣೆಯ ಮೇಲೆ ಕೂತಳು. ಮಡಕೆ ಹೊರುವ ಕೆಲಸ ಗಂಡನದು. ಆರು ಮಡಕೆಗಳನ್ನು ಅವನು ಸೊಂಟಕ್ಕಿಟ್ಟು ತಂದು ಹಂಡೆಗೆ ಸುರಿದ. ಅಂಗಿ ತೊಯ್ದು ಮೈಗಂಟಿತ್ತು.

"ಬಸುರಿ ಇವ್ನಾ, ಅವ್ಳಾ?" ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದರು.

ಏಳನೆಯದು ಸ್ವಂತ ಬಾವಿಯದು. ಅದನ್ನು ಅವನು ಬಾಯಂಚು ಹಿಡಿದು, ಎರಡೂ ತೋಳು ಮುಂದಕ್ಕೆ ಚಾಚಿ, ಮೈಯಿಂದ ದೂರ ಇಟ್ಟುಕೊಂಡು ತಂದ. ಕೆಂಡದ ಬಾಣಲೆ ಹಿಡಿದವನ ಹಾಗೆ.

ಲಾರಸ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು, "ಮಾಸ್, ಅದನ್ನ ಸುರಿಯೋಕ್ ಮುಂಚೆ ನೀವೊಂದ್ಸಲ ಮುಖ ತೊಳ್ಕೊಳ್ಳಿ."

"ತೊಳ್ಕೊಳ್ಳಪ್ಪಾ, ನಿನ್ ಮುಖಕ್ಕೆ ಬೇಕು ಅದು!" ಹೆಂಗಸರು ಮತ್ತೆ ನಕ್ಕರು.

ಅವನೂ ನಕ್ಕ. ಆದರೆ ಮಡಕೆಯೊಳಗೆ ಕೈ ಹಾಕಲಿಲ್ಲ.

"ತೊಳ್ಕೋ ಮಗಾ," ಎಂದರು ಅತ್ತೆ.

ಅವನು ಮಡಕೆಯನ್ನು ನೆಲದ ಮೇಲಿಟ್ಟ. ನಗು ಒಂದೊಂದಾಗಿ ನಿಂತಿತು. ಅತ್ತೆ ಮಗನ ಮುಖ ನೋಡಿದರು. ಆಮೇಲೆ ತಮ್ಮ ಕೆಂಪು ಮುಂಗೈಗಳನ್ನು ಮೇಲೆತ್ತಿ ನೋಡಿಕೊಂಡರು, ಅವು ಬೇರೆ ಯಾರದೋ ಎನ್ನುವಂತೆ.

"ನಿಂಗೊತ್ತಿತ್ತೇನೋ?"

ಅತ್ತೆ ಎದ್ದು ಕಾಲಿನಿಂದಲೇ ಮಡಕೆ ಉರುಳಿಸಿದರು. ನೀರು ಬಿಸಿಲಿನಲ್ಲಿ ಹೊಳೆಯುತ್ತ ಚರಂಡಿಯ ಕಡೆ ಹರಿಯಿತು, ಕನ್ನಡಿಯಷ್ಟು ತಿಳಿಯಾಗಿ. ಆಮೇಲೆ ಅವರೇ ಹಂಡೆಯಿಂದ ತಂಬಿಗೆ ತುಂಬಿ ಸೊಸೆಯ ನೆತ್ತಿಗೆ ಹೊಯ್ದರು. ಲಾರಸ್ ಕಣ್ಣು ಮುಚ್ಚಿದಳು. ಇದೇನೋ ತಪ್ಪಿತು. ಆದರೆ ಇಷ್ಟು ತಿಂಗಳು ಕುಡಿದದ್ದು? ಬೇಯಿಸಿದ ಅನ್ನ, ಕುದಿಸಿದ ಸಾರು?

ಬು ರುಸ್ಮಿ ತಟ್ಟೆ ಹಿಡಿದು ಬಂದರು. "ಆಯ್ತು ಬಿಡು, ಆರೇ ಸಾಕು. ತಗೋ, ಬಿಸಿ ಶುಂಠಿ ಚಹಾ. ನಡುಗ್ತಿದ್ದೀಯ."

ಲಾರಸ್ ಲೋಟ ಮುಟ್ಟಲಿಲ್ಲ. "ಇದು ಯಾವ ನೀರು, ಬು?"

ಬು ರುಸ್ಮಿ ಅತ್ತೆಯ ಕಡೆ ತಿರುಗಿದರು. ಅತ್ತೆ ಅಡುಗೆಮನೆಯ ಕಡೆ ನೋಡಿದರು. ಬೆಳಗಿನಿಂದ ಅಲ್ಲಿ ದೊಡ್ಡ ಪಾತ್ರೆ ಕುದಿಯುತ್ತಲೇ ಇತ್ತು.

ಅಂಗಳದಲ್ಲಿ ಎಲ್ಲರ ಕೈಯಲ್ಲೂ ಲೋಟಗಳಿದ್ದವು. ಕೆಲವು ಆಗಲೇ ಖಾಲಿ. ಹಸಿರು ಚೀಟಿ ಅಂಟಿಸಿದ ಬಾಗಿಲ ಬಳಿ ಯಾರದೋ ಪುಟ್ಟ ಮಗಳು ಕೂತು, ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಿಂದ ಬಾಚಿ ಬಾಚಿ ನೆಕ್ಕುತ್ತಿದ್ದಳು.