ಮೂರು ಮಿಸ್ಡ್ ಕಾಲ್

ಬಳಕೆದಾರ ಎಂಬ ಪದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಳಕೆದಾರರಿಗೆ ಇದು ಬೇಕು, ಬಳಕೆದಾರರಿಗೆ ಅದು ಬೇಡ ಎಂದು ಮೀಟಿಂಗಿನಲ್ಲಿ ಕೈ ಬೀಸಿ ಮಾತಾಡುವವರು ಆ ಮನುಷ್ಯರ ಮುಖವನ್ನೇ ನೋಡಿರುವುದಿಲ್ಲ. ನಾನು ನೋಡಿದ್ದೆ. ಅವರ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದೆ, ಅವರು ಕೊಟ್ಟ ಬಸ್ಸಾರು ಉಂಡಿದ್ದೆ. ಆದರೂ ಅವರ ಮನೆಗೆ ಕಲ್ಲು ಹಾಕಿದವಳು ನಾನೇ.

2007ರ ಮಾತು. ರಾಜಾಜಿನಗರದಲ್ಲಿ ಒಂದು ಲೇತ್ ಅಂಗಡಿಯ ಮೇಲೆ ನಮ್ಮ ಕಂಪನಿ ಇತ್ತು. ಹೊರದೇಶದಿಂದ ಬಿಡಿಭಾಗ ತರಿಸಿ, ಜೋಡಿಸಿ, ಕನ್ನಡದ ಮೆನು ತುಂಬಿ, ಅಗ್ಗದ ಮೊಬೈಲ್ ಮಾರುತ್ತಿದ್ದೆವು. ಪರದೆಯ ಮೇಲೆ ಏನು ಎಲ್ಲಿ ಕಾಣಬೇಕು, ಯಾವ ಗುಂಡಿ ಒತ್ತಿದರೆ ಏನಾಗಬೇಕು ಎಂದು ತೀರ್ಮಾನಿಸುವ ಕೆಲಸ ನನ್ನದು. ಕಾರ್ಡಿನ ಮೇಲೆ ತುಂಗಾ, ಡಿಸೈನರ್ ಎಂದು ಅಚ್ಚಾಗಿತ್ತು. ಆ ಕಾರ್ಡಿನಿಂದ ತಲೆ ಸ್ವಲ್ಪ ತಿರುಗಿತ್ತು ಎಂದರೂ ತಪ್ಪಿಲ್ಲ.

ಪರದೆಯೋ ಬೆಂಕಿಪೊಟ್ಟಣದಷ್ಟು. ನಮ್ಮ ಹೆಸರುಗಳೋ ಉದ್ದ. ಚಿಕ್ಕಮುನಿಯಪ್ಪ ಎಂದು ಬರೆದರೆ ಕೊನೆಯ ಅಕ್ಷರ ಆಚೆ ಬೀಳುತ್ತಿತ್ತು. ಮಿಸ್ಡ್ ಕಾಲ್ ಪಟ್ಟಿಯಂತೂ ನೋಡಿದರೆ ಹೇಸಿಗೆ. ಒಬ್ಬರೇ ಮೂರು ಸಲ ಮಾಡಿದರೆ ಅದೇ ಹೆಸರು ಮೂರು ಸಾಲು. ನಾನು ಮೂರನ್ನೂ ಸೇರಿಸಿ ಒಂದು ಸಾಲು ಮಾಡಿದೆ. ಪಕ್ಕದಲ್ಲಿ ಎಷ್ಟು ಸಲ ಎಂಬ ಅಂಕಿ ಇಡಲು ಹೋದರೆ ಹೆಸರಿನ ಬಾಲ ಮತ್ತೆ ತುಂಡಾಯಿತು. ಹೆಸರು ಪೂರ್ತಿ ಕಾಣಲಿ ಎಂದು ಅಂಕಿಯನ್ನೇ ಕಿತ್ತು ಬಿಸಾಡಿದೆ. ಯಜಮಾನ ಗೋಪೀನಾಥ ಅದನ್ನು ನೋಡಿ, ಎಷ್ಟು ನೀಟಾಗಿದೆ ಎಂದು ಎಲ್ಲರ ಮುಂದೆ ಹೊಗಳಿದ.

ಮಾದರಿ ಫೋನು ತಂದು ಮೊದಲು ತೋರಿಸಿದ್ದು ನಮ್ಮ ಮನೆ ಓನರ್ ಯಶೋದಮ್ಮನವರಿಗೆ. ಬಸವೇಶ್ವರನಗರದ ಆ ಮನೆಯ ಜಗಲಿಯಲ್ಲಿ ಅವರನ್ನು ಕೂರಿಸಿ, ಒಂದೊಂದೇ ಗುಂಡಿ ಒತ್ತಿಸಿ, ಅವರು ಎಲ್ಲಿ ತಡವರಿಸುತ್ತಾರೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಅಕ್ಷರ ದಪ್ಪಗಿದೆ, ಚೆನ್ನಾಗಿದೆ ಎಂದರು. ಅವರ ಹಳೇ ಫೋನು ಅಂಗಳದ ನೀರಿನ ಸಂಪಿಗೆ ಬಿದ್ದು ಸತ್ತಿದ್ದರಿಂದ ಇದನ್ನು ಅವರಿಗೇ ಕೊಟ್ಟುಬಿಟ್ಟೆ. ದೊಡ್ಡ ಉಪಕಾರ ಮಾಡಿದವಳಂತೆ ಬೀಗಿದೆ.

ಅವರ ಬೀದಿಯ ನೀರಿನ ಕತೆಯನ್ನು ಇಲ್ಲಿ ಹೇಳಲೇಬೇಕು. ಬೀದಿ ಏರಿನಲ್ಲಿದೆ. ನೀರು ಬಿಟ್ಟರೂ ಸಂಪಿನವರೆಗೆ ತಾನಾಗಿ ಹತ್ತುವುದಿಲ್ಲ. ಗೇಟಿನ ಪಕ್ಕದ ಗುಂಡಿಯಲ್ಲಿರುವ ನಲ್ಲಿಯಿಂದ ಕೊಡದಲ್ಲಿ ಹಿಡಿದು ಸಂಪಿಗೆ ಸುರಿಯಬೇಕು. ಆದ್ದರಿಂದ ನೀರು ಯಾವಾಗ ಎಂದು ಗೊತ್ತಿರಬೇಕು. ನೀರು ಬಿಡುವ ಕೃಷ್ಣಪ್ಪ ಮೂವತ್ತು ಮನೆಗೆ ಫೋನಿನಲ್ಲಿ ಮಾತಾಡುತ್ತಾ ಕೂರಲಾರ. ಅವನು ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ಕೊಟ್ಟರೆ ಸಂಜೆ ಎಂದಿನಂತೆ ಬರುತ್ತದೆ. ಎರಡು ಕೊಟ್ಟರೆ ಈಗಲೇ ಬಿಟ್ಟಿದ್ದೇನೆ. ಮೂರು ಕೊಟ್ಟರೆ ಎರಡು ದಿನ ನೀರಿಲ್ಲ, ಟ್ಯಾಂಕರ್ ಹೇಳಿಕೊಳ್ಳಿ. ತಿರುಗಿ ಮಾಡಿದರೆ ಅವನು ಎತ್ತುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತು. ಇದು ನನಗೆ ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಸಂಪಿನ ನೀರನ್ನು ಮೋಟಾರು ಮಹಡಿಗೆ ಹತ್ತಿಸಿ ನನ್ನ ನಲ್ಲಿಯಲ್ಲಿ ಬರುತ್ತಿತ್ತು, ನಾನು ಯಾವತ್ತೂ ಕೇಳಿರಲಿಲ್ಲ.

ಆ ತಿಂಗಳು ಯಶೋದಮ್ಮನವರ ಮಗಳು ಮಾಲಾಳ ಸೀಮಂತ. ಸೀಮಂತ ಮುಗಿದ ಮೇಲೆ ಅವಳು ಚೊಚ್ಚಲ ಬಾಣಂತನಕ್ಕೆ ತವರಿನಲ್ಲೇ ಉಳಿಯುವುದೆಂದು ಮಾತಾಗಿತ್ತು. ಬೀಗರದು ಮಹಾಲಕ್ಷ್ಮಿ ಲೇಔಟಿನ ಬೋರ್‌ವೆಲ್ ಮನೆ. ನಿಮ್ಮ ಕಡೆ ನೀರಿಗೆ ಕಷ್ಟವಂತೆ, ಬಾಣಂತಿ ಮಗುವಿನ ಮನೆ ಎಂದರೆ ಸುಮ್ಮನೆಯೇ ಎಂದು ಬೀಗಿತ್ತಿ ಮೊದಲೇ ಮೂಗು ಮುರಿದಿದ್ದರು. ಯಶೋದಮ್ಮ ಅವರ ಕೈಕಾಲು ಹಿಡಿದು ಒಪ್ಪಿಸಿದ್ದರು. ಮಗಳಿಗೆ ತಾವೇ ಎಣ್ಣೆ ನೀರು ಹಾಕಬೇಕು ಎಂಬ ಆಸೆಯನ್ನು ಆರು ತಿಂಗಳಿಂದ ಬಾಯಿಬಿಟ್ಟು ಹೇಳುತ್ತಿದ್ದರು. ನಡುಮನೆಯಲ್ಲಿ ಆಗಲೇ ತೊಟ್ಟಿಲು ಒರೆಸಿ ಇಟ್ಟಿದ್ದರು.

ಸೀಮಂತದ ಹಿಂದಿನ ದಿನ, ಶನಿವಾರ, ನನಗೆ ರಜೆ. ಮನೆಯಲ್ಲಿದ್ದಾಗ ರಿಂಗು ಕೇಳಿಯೇ ಎಣಿಸಿಬಿಡುತ್ತಿದ್ದ ಯಶೋದಮ್ಮ ಅವತ್ತು ಫೋನನ್ನು ಚಾರ್ಜಿಗೆ ಹಾಕಿ ವಿಜಯನಗರದ ಮಾರ್ಕೆಟ್ಟಿಗೆ ಹೂವು, ಬಳೆ ತರಲು ಹೋಗಿದ್ದರು. ಮಧ್ಯಾಹ್ನ ಬಂದವರೇ ಫೋನು ನೋಡಿದರು. ನಾನು ಪಕ್ಕದಲ್ಲೇ ಬಾಳೆಲೆ ಒರೆಸುತ್ತಿದ್ದೆ. ಪರದೆಯ ಮೇಲೆ 'ನೀರು ಕೃಷ್ಣಪ್ಪ' ಎಂದು ಒಂದೂ ಅಕ್ಷರ ತುಂಡಾಗದೆ ಕಾಣುತ್ತಿತ್ತು. ನನಗೆ ಹೆಮ್ಮೆಯಾಯಿತು.

"ಒಂದೇ ಕೊಟ್ಟಿದಾನೆ, ಸಂಜೆ ಬರತ್ತೆ ಬಿಡು," ಎಂದು ಯಶೋದಮ್ಮ ಅಡುಗೆಮನೆಗೆ ಹೋದರು.

ಸಂಜೆ ಕೊಡಗಳನ್ನೆಲ್ಲ ಗೇಟಿನ ಹತ್ತಿರ ಸಾಲಾಗಿ ಇಟ್ಟು ಕಾದೆವು. ನಲ್ಲಿ ಒಂದು ಹನಿ ಉಗುಳಲಿಲ್ಲ. ಏಳು ಗಂಟೆಗೆ ಕೃಷ್ಣಪ್ಪ ಸೈಕಲ್ಲಿನಲ್ಲಿ ಆ ಕಡೆ ಬಂದವನು, ಕೊಡ ನೋಡಿ ಕಾಲೂರಿ ನಿಂತ.

"ಮೂರು ಕೊಟ್ಟಿದ್ನಲ್ಲ ಯಶೋದಮ್ಮ. ದೊಡ್ಡ ಪೈಪ್ ಒಡೆದಿದೆ, ಸೋಮವಾರದ ತನಕ ಇಲ್ಲ."

ಯಶೋದಮ್ಮ ಒಂದೇ ಎಂದರು, ಅವನು ಮೂರು ಎಂದ. ಬೀದಿಯ ಉಳಿದ ಮನೆಯವರು ಮಧ್ಯಾಹ್ನವೇ ಟ್ಯಾಂಕರ್ ಹೇಳಿ ಸಂಪು ತುಂಬಿಸಿಕೊಂಡಿದ್ದರು. ಈಗ ಫೋನು ಮಾಡಿದರೆ ಟ್ಯಾಂಕರಿನವರು ನಾಳೆ ಸಂಜೆಗಿಂತ ಮುಂಚೆ ಸಾಧ್ಯವಿಲ್ಲ ಎಂದುಬಿಟ್ಟರು. ನಾನು ಕೈಯಲ್ಲಿ ಕೊಡ ಹಿಡಿದು ನಿಂತಿದ್ದೆ. ಏನಾಗಿದೆ ಎಂದು ಆ ಬೀದಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೆದರಿ, ಖಾಲಿ ಕೊಡಗಳನ್ನು ಒಂದೊಂದಾಗಿ ಒಳಗೆ ಸಾಗಿಸತೊಡಗಿದೆ.

ಅಕ್ಕಪಕ್ಕದವರು ಎರಡೆರಡು ಕೊಡ ಕೊಟ್ಟರು. ಅದು ಅಡುಗೆಗೇ ಮುಗಿಯಿತು. ಮರುದಿನ ಅರವತ್ತು ಜನ ಉಂಡೆದ್ದು ಎಂಜಲು ಕೈ ಹಿಡಿದುಕೊಂಡು ಸಾಲಾಗಿ ನಿಂತರು. ಬಚ್ಚಲಿನಲ್ಲಿ ಬಕೆಟ್ ಖಾಲಿ. ಬೀಗಿತ್ತಿ ಪೇಪರಿನಲ್ಲಿ ಕೈ ಒರೆಸಿಕೊಂಡು ನಡುಮನೆಗೆ ಬಂದರು. ತೊಟ್ಟಿಲನ್ನು ಒಮ್ಮೆ ನೋಡಿದರು.

"ಕೈ ತೊಳೆಯೋಕೆ ನೀರಿಲ್ಲದ ಮನೇಲಿ ಬಾಣಂತನ ಮಾಡ್ತೀರಾ? ಮಾಲಾ, ನಡಿ, ಕಾರು ಹತ್ತು."

ಮಾಲಾ ಹಸಿರು ಬಳೆ ತೊಟ್ಟ ಕೈಯಲ್ಲಿ ತಾಯಿಯ ಸೆರಗು ಹಿಡಿದು ಅತ್ತಳು. ಗಂಡ ತಲೆ ತಗ್ಗಿಸಿ ಅವಳ ಬ್ಯಾಗು ಎತ್ತಿಕೊಂಡ. ಕಾರು ಹೋಯಿತು. ಯಶೋದಮ್ಮ ಅವತ್ತು ಊಟ ಮಾಡಲಿಲ್ಲ.

ಸೋಮವಾರ ನಾನು ಆಫೀಸಿನಲ್ಲಿ ಕೂಗಾಡಿದೆ. ಅಂಕಿ ವಾಪಸ್ ಬರಬೇಕು, ಹೆಸರು ತುಂಡಾದರೆ ಆಗಲಿ, ಫೋನುಗಳು ಅಂಗಡಿಗೆ ಹೋಗುವ ಮುಂಚೆ ಸರಿ ಮಾಡೋಣ ಎಂದೆ. ಡಬ್ಬಗಳಿಗೆ ಆಗಲೇ ಸೀಲ್ ಹಾಕಿಯಾಗಿದೆ ಎಂದ ಗೋಪೀನಾಥ. ನಾನು ಬಿಡಲಿಲ್ಲ.

"ಮಿಸ್ಡ್ ಕಾಲ್ ಎಣಿಸೋರಿಗೆ ಅಂತ ನಾವು ಫೋನ್ ತಯಾರು ಮಾಡ್ತಾ ಇಲ್ಲ ತುಂಗಾ. ಕಾಲ್ ಮಾಡೋರಿಗೆ ಮಾಡ್ತಿರೋದು," ಎಂದ.

ಅವನ ಮುಖಕ್ಕೆ ಉಗಿಯಬೇಕೆನಿಸಿತು. ಮೂಡಲಪಾಳ್ಯದಿಂದ ಕೆಂಗೇರಿಯವರೆಗೆ ಅರ್ಧ ಊರು ಮಿಸ್ಡ್ ಕಾಲಿನಲ್ಲೇ ಸಂಸಾರ ನಡೆಸುತ್ತಿದೆ, ಆ ಅರ್ಧ ಊರಿಗೇ ಇವನು ಫೋನು ಮಾರಲು ಹೊರಟಿದ್ದ. ಆದರೆ ಉಗಿಯುವ ಮುಂಚೆ ಸಾಕ್ಷಿ ಬೇಕೆಂದು ನನ್ನ ಪುಸ್ತಕ ತೆಗೆದೆ. ಜಗಲಿಯಲ್ಲಿ ಬರೆದುಕೊಂಡ ಪುಟ ಸಿಕ್ಕಿತು. 'ಎಷ್ಟು ಸಲ ಮಾಡಿದ್ರು ಅಂತ ಎಲ್ಲಿ ಕಾಣತ್ತೆ?' ಎಂದು ಯಶೋದಮ್ಮ ಅವತ್ತೇ ಕೇಳಿದ್ದರು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ 'ಅಭ್ಯಾಸವಾಗುತ್ತದೆ' ಎಂದಿತ್ತು. ಪುಸ್ತಕ ಮುಚ್ಚಿದೆ. ಗೋಪೀನಾಥನಿಗೆ ತೋರಿಸುವ ಮುಖ ಉಳಿದಿರಲಿಲ್ಲ.

ಸಂಜೆ ಮನೆಗೆ ಬಂದು ಎಲ್ಲವನ್ನೂ ಯಶೋದಮ್ಮನವರಿಗೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ನನ್ನ ಕಡೆ ನೋಡುವುದನ್ನು ನಿಲ್ಲಿಸಿದರು. ಮರುದಿನದಿಂದ ಮಹಡಿಗೆ ನೀರು ಹತ್ತಲಿಲ್ಲ, ನನ್ನ ಪೈಪಿನ ವಾಲ್ವ್ ತಿರುಗಿಸಿದ್ದರು. ಕೆಳಗಿಳಿದು ಗುಂಡಿಯ ನಲ್ಲಿಯಿಂದ ಕೊಡದಲ್ಲಿ ಹೊತ್ತುಕೊಂಡು ಹೋದೆ.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಟವಳನ್ನು ಅವರು ಗೇಟಿನಲ್ಲಿ ಅಡ್ಡ ನಿಂತು ತಡೆದರು. ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು.

"ಬಚ್ಚಲಲ್ಲಿದ್ದೆ, ಆಗ ಬಂದಿದೆ. ತಿರುಗಿ ಮಾಡಿದ್ರೆ ಅವಳತ್ತೆ ಎತ್ತಿ ಇಟ್ಬಿಡ್ತಾಳೆ. ಒಂದಾದ್ರೆ ಚೆನ್ನಾಗಿದಾಳೆ, ಮೂರಾದ್ರೆ ನಾನು ಬರ್ಬೇಕು. ನೀನೇ ಮಾಡಿದ್ದಲ್ವಾ ಇದನ್ನ? ನೋಡಿ ಹೇಳು."

ಪರದೆಯ ಮೇಲೆ 'ಮಾಲಾ' ಎಂದು ಒಂದೇ ಸಾಲು ಇತ್ತು. ಎರಡೇ ಅಕ್ಷರದ ಹೆಸರು. ಪಕ್ಕದಲ್ಲಿ ಬೇಕಾದಷ್ಟು ಜಾಗ ಖಾಲಿ ಇತ್ತು. ನಾನು ಗುಂಡಿಗಳನ್ನು ಒತ್ತಿದೆ, ಹಿಂದೆ ಹೋದೆ, ಮುಂದೆ ಬಂದೆ. ಅಂಕಿ ಎಲ್ಲಿಯೂ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಗೊತ್ತಾಗಲ್ಲ ಆಂಟಿ," ಎಂದೆ.

ಅವರು ಫೋನನ್ನು ನನ್ನ ಕೈಯಲ್ಲೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಒದ್ದೆ ಕೂದಲನ್ನು ಹಾಗೇ ಗಂಟು ಕಟ್ಟಿಕೊಂಡು, ಮಹಾಲಕ್ಷ್ಮಿ ಲೇಔಟಿನ ಬಸ್ ಹಿಡಿಯಲು ಸ್ಟಾಪಿನ ಕಡೆ ನಡೆದುಬಿಟ್ಟರು.