ಗೋಪಿಯ ಪಾಲಿನ ಎತ್ತರ

ಸೋಲದೇವನಹಳ್ಳಿಯ ಮೂರು ಮೂಲೆ ಹೊಲವನ್ನು ಚಿಕ್ಕಬೈರಪ್ಪನವರು ಇಬ್ಬರು ಮಕ್ಕಳಿಗೆ ಹಂಚಿ ಎರಡು ವರ್ಷವಾಗಿತ್ತು. ರಸ್ತೆ ಬದಿಯನ್ನು ಹಗ್ಗ ಹಿಡಿದು ಸರಿಯಾಗಿ ಅರ್ಧ ಮಾಡಿ, ಅಲ್ಲಿಂದ ಎದುರಿನ ಮೂಲೆ ಕಲ್ಲಿಗೆ ಬದು ಹಾಕಿಸಿದ್ದರು. ದೊಡ್ಡ ಮಗ ಅಶ್ವತ್ಥನ ಪಾಲು ನೋಡುವುದಕ್ಕೆ ಅಗಲ. ಚಿಕ್ಕವನಾದ ಗೋಪಿಯದು ವಾಲಿಕೊಂಡು ಸಣಕಲು. "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ" ಎಂದು ಸಿಡುಕಿದ ಗೋಪಿ, ಸರ್ವೆಯವನು ಸಮ ಎಂದರೂ ನಂಬಲಿಲ್ಲ. ಅಂದಿನಿಂದ ಹಿರಿಯರ ಹಬ್ಬಕ್ಕೆ ಸಂಜಯನಗರದ ಅಪ್ಪನ ಮನೆಗೆ ಬಂದು ಎಡೆಗೆ ಕೈಮುಗಿಯುತ್ತಿದ್ದ. ಊಟಕ್ಕೆ ಮಾತ್ರ ಕೂರುತ್ತಿರಲಿಲ್ಲ. ಪಾಲು ಸಮ ಎಂದು ಮುದುಕರಿಗೆ ಗೊತ್ತು, ಏಕೆಂದು ಹೇಳಲು ಬಾರದು. ನಾಲ್ಕನೇ ಕ್ಲಾಸಿನ ಓದು ಎಷ್ಟು ದೂರ ಬಂದೀತು! ಮಗನ ಕಣ್ಣಿಗೆ ತಾನು ಮೋಸಗಾರನಾದೆನಲ್ಲ ಎಂದು ಒಳಗೇ ಕೊರಗುತ್ತಿದ್ದರು.

ಈ ಸಲವೂ ಗೋಪಿ ಚಪ್ಪಲಿ ಮೆಟ್ಟುತ್ತಿದ್ದಾಗ, ಅಶ್ವತ್ಥನ ಮಗಳು, ಹತ್ತನೇ ಕ್ಲಾಸಿನ ನಯನಾ, ನೋಟ್‌ಬುಕ್ ಹಿಡಿದು ಅಡ್ಡ ನಿಂತಳು.

"ಎರಡೇ ನಿಮಿಷ ಚಿಕ್ಕಪ್ಪ. ನಮ್ಮ ಹೊಲಾನೇ ಬರ್ದಿದೀನಿ. ರಸ್ತೆ ಕಡೆ ಪಾದ ಇಬ್ರಿಗೂ ಸಮ. ಎತ್ತರ ಸಮ. ಅಂದ್ರೆ ವಿಸ್ತೀರ್ಣನೂ ಸಮ."

"ಎತ್ತರ ಸಮ ಅಂತ ಯಾರಮ್ಮ ಹೇಳಿದ್ದು? ನನ್ನ ಪಾಲಲ್ಲಿ ಎಲ್ಲಿದೆ, ತೋರ್ಸು."

ಪೆನ್ಸಿಲ್ ನಿಂತಿತು. ಸಣಕಲು ತ್ರಿಕೋನದೊಳಗೆ ಲಂಬ ಎಳೆಯಲು ಎಲ್ಲೂ ಜಾಗವಿಲ್ಲ.

ಹುಡುಗಿ ಚಿಕ್ಕಬೈರಪ್ಪನವರ ಕಡೆ ತಿರುಗಿದಳು. "ತಾತ, ಮೂಲೆ ಕಲ್ಲಿಂದ ರಸ್ತೆಗೆ ನೆಟ್ಟಗೆ ಎಷ್ಟು ದೂರ?"

"ಮೂವತ್ತು ಮಾರು."

"ಅದು ಯಾರ ಪಾಲಿನ ಕಲ್ಲು?"

"ಇಬ್ರುದೂ ಒಂದೇ ಕಲ್ಲು ಕಣವ್ವ."

ನಯನಾಳ ಮುಖ ಅರಳಿತು. ಕಲ್ಲಿನಿಂದ ರಸ್ತೆಗೆ ಲಂಬ ಇಳಿಸಿದಳು. ಅದು ಅಶ್ವತ್ಥನ ಪಾಲಿನಲ್ಲಿ ಬಂದು ನಿಂತಿತು. "ಇದೇ ಇಬ್ರ ಎತ್ತರ. ನಾನು ಬಿಟ್ಟಿದ್ದು ಇದೊಂದೇ."

"ನನ್ನ ಎತ್ತರ ಹೋಗಿ ಅವನ ಹೊಲದಲ್ಲಿ ನಿಲ್ಲುತ್ತಾ?" ಎಂದ ಗೋಪಿ.

"ನೀವು ಪಕ್ಕದ್ಮನೆ ಕಾಂಪೌಂಡಲ್ಲಿ ನಿಂತ್ರೆ ಗಿಡ್ಡ ಆಗ್ಬಿಡ್ತೀರಾ ಚಿಕ್ಕಪ್ಪ?"

ಭಲೇ ನನ್ನವ್ವ! ಅರವತ್ತು ವರ್ಷ ಹಗ್ಗ ಹಿಡಿದು ಅಳೆದವರ ನಾಲಿಗೆಗೆ ಬಾರದ ಮಾತು ಈ ಹುಡುಗಿಯ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು! ಮುದುಕರು ಹೆಮ್ಮೆಯಿಂದ ಮೊಮ್ಮಗಳನ್ನೇ ನೋಡಿದರು, ಕಣ್ಣು ಮಂಜಾಯಿತು.

ಗೋಪಿ ಪೆನ್ಸಿಲ್ ಕಸಿದುಕೊಂಡು ಅದೇ ಗೆರೆಯ ಮೇಲೆ ಎರಡು ಸಲ ಎಳೆದ. ಆಮೇಲೆ ಚಪ್ಪಲಿ ಬಿಟ್ಟು, ಅಡುಗೆಮನೆಯಲ್ಲಿದ್ದ ತಾಯಿಗೆ ಕೂಗಿ ಹೇಳಿದ:

"ಅವ್ವಾ, ನಂಗೂ ಎಲೆ ಹಾಕು. ಅಪ್ಪನ ಪಕ್ಕದಲ್ಲೇ."